ಕಡಿಮೆ ಸತ್ತು ಹೆಚ್ಚು ಆಡಿ: ಎಲ್ಡೆನ್ ರಿಂಗ್‌ಗೆ ಒಂದು ಸರಳ ಬಿಲ್ಡ್

ಎಲ್ಡೆನ್ ರಿಂಗ್ ಆಟದ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ತಡಕಾಡಿದರೂ ‘ಈಸಿ’ ಎಂಬ ಆಯ್ಕೆ ಸಿಗುವುದಿಲ್ಲ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2022ರ ಫೆಬ್ರವರಿ 25ರಂದು ಇದನ್ನು ಬಿಡುಗಡೆ ಮಾಡಿತು. ನಿರ್ದೇಶಕ ಹಿದೆತಾಕ ಮಿಯಾಝಾಕಿ. ಆಟದ ಲೋಕಕ್ಕೆ ಪುರಾಣದಂಥ ಹಿನ್ನೆಲೆ ಕಟ್ಟಿಕೊಟ್ಟವರು ಕಾದಂಬರಿಕಾರ ಜಾರ್ಜ್ ಆರ್.ಆರ್. ಮಾರ್ಟಿನ್. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎನಿಸಿಕೊಂಡಿತು, 2024ರ ಜೂನ್ ಹೊತ್ತಿಗೆ ಎರಡೂವರೆ ಕೋಟಿ ಪ್ರತಿ ದಾಟಿತು. ಅಷ್ಟು ಮಂದಿ ಕೊಂಡ ಆಟವನ್ನು ಅಷ್ಟೂ ಮಂದಿ ಮುಗಿಸಿದ್ದಾರೆ ಎಂದುಕೊಳ್ಳಬೇಡಿ. ಮಾರ್ಗಿಟ್ ಎಂಬ ಮೊದಲ ದೊಡ್ಡ ಬಾಸ್‌ನ ಮುಂದೆ ಎರಡು ಮೂರು ಸಂಜೆ ಕಳೆದು, ‘ಇದು ನನ್ನ ಕೈಲಾಗುವ ಆಟವಲ್ಲ’ ಎಂದು ಕೈಬಿಟ್ಟವರು ನಿಮ್ಮ ಬಳಗದಲ್ಲೇ ಇದ್ದಾರು.

ಈಸಿ ಮೋಡ್ ಇಲ್ಲ ಎನ್ನುವುದು ಅರ್ಧ ನಿಜ. ಮೆನುವಿನಲ್ಲಿ ಇಲ್ಲದ ಆ ಗುಂಡಿಯನ್ನು ಆಟದೊಳಗೇ ಅಲ್ಲಲ್ಲಿ ಹಂಚಿಟ್ಟಿದ್ದಾರೆ. ಯಾವ ಪಾತ್ರದಿಂದ ಶುರು ಮಾಡುತ್ತೀರಿ, ಮೊದಲ ಮೂವತ್ತು ಪಾಯಿಂಟನ್ನು ಎಲ್ಲಿ ಹಾಕುತ್ತೀರಿ, ಯಾವ ಆಯುಧ ಹಿಡಿಯುತ್ತೀರಿ, ಯಾವ ದಿಕ್ಕಿಗೆ ಮೊದಲು ಹೋಗುತ್ತೀರಿ ಎಂಬುದರ ಮೇಲೆ ಆಟದ ಕಷ್ಟ ಅರ್ಧಕ್ಕರ್ಧ ಇಳಿಯುತ್ತದೆ. ಈ ಆಯ್ಕೆಗಳ ಮೊತ್ತಕ್ಕೇ ಆಡುವವರು ಬಿಲ್ಡ್ ಎನ್ನುವುದು. ಯೂಟ್ಯೂಬ್ ತೆರೆದರೆ ‘ಒಂದೇ ಏಟಿಗೆ ಬಾಸ್ ಫಿನಿಶ್’ ಎಂಬಂಥ ಬಿಲ್ಡ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ನೋಡಲು ಚೆಂದ. ಆದರೆ ಅವುಗಳಲ್ಲಿ ಹೆಚ್ಚಿನವು ಆಟ ಮುಕ್ಕಾಲು ಮುಗಿದ ಮೇಲೆ ಸಿಗುವ ವಸ್ತುಗಳನ್ನು ಬೇಡುತ್ತವೆ, ಎದುರಾಳಿಯ ಎರಡೇಟಿಗೆ ಉರುಳುತ್ತವೆ. ಹೊಸಬರಿಗೆ ಬೇಕಾದದ್ದು ತಪ್ಪು ಮಾಡಿದಾಗಲೂ ಬದುಕಿ ಉಳಿಯುವ ಬಿಲ್ಡ್. ಇಲ್ಲಿ ಹೇಳುತ್ತಿರುವುದು ಅಂಥದ್ದು: ವ್ಯಾಗಬಾಂಡ್ ಪಾತ್ರ, ಬ್ಲಡ್‌ಹೌಂಡ್ಸ್ ಫ್ಯಾಂಗ್ ಎಂಬ ಬಾಗುಕತ್ತಿ, ಜೊತೆಗೆ ದಂಡಿಯಾಗಿ ಹೆಲ್ತ್. ಮಂತ್ರ, ತಂತ್ರ ಯಾವುದೂ ಬೇಡ.

ಶುರುವಿನ ಒಂದು ಗಂಟೆ

ಆಟ ಹತ್ತು ಪಾತ್ರಗಳನ್ನು ಮುಂದಿಡುತ್ತದೆ. ವ್ಯಾಗಬಾಂಡ್ ಅವುಗಳಲ್ಲಿ ಮೈತುಂಬ ಕವಚ ತೊಟ್ಟ ಯೋಧ. ಶುರುವಿನ ಲೆವೆಲ್ 9, ವಿಗರ್ 15, ಸ್ಟ್ರೆಂತ್ 14, ಡೆಕ್ಸ್ಟೆರಿಟಿ 13. ವಿಗರ್ ಎಂದರೆ ಹೆಲ್ತ್. ಹತ್ತೂ ಪಾತ್ರಗಳಲ್ಲಿ ಇಷ್ಟು ವಿಗರ್‌ನೊಂದಿಗೆ ಇಳಿಯುವವನು ಇವನೊಬ್ಬನೇ. ಕೈಯಲ್ಲಿರುವ ಹೀಟರ್ ಶೀಲ್ಡ್ ಎಂಬ ಗುರಾಣಿ ಸಾಮಾನ್ಯ ಆಯುಧಗಳ ಪೆಟ್ಟನ್ನು ನೂರಕ್ಕೆ ನೂರು ತಡೆಯುತ್ತದೆ. ಸಮುರಾಯ್ ನೋಡಲು ಸೊಗಸಾಗಿದ್ದಾನೆ, ಬಿಲ್ಲೂ ಇದೆ, ಒಪ್ಪಿದೆ. ಮೊದಲ ಸಲ ಆಡುವವರಿಗೆ ಮಾತ್ರ ಗುರಾಣಿಯ ಆಸರೆ ಬಿಲ್ಲಿಗಿಂತ ದೊಡ್ಡದು.

ಪಾತ್ರ ಆರಿಸುವಾಗ ಕೀಪ್‌ಸೇಕ್ ಎಂದು ಒಂದು ಉಡುಗೊರೆ ಕೇಳುತ್ತದೆ. ಗೋಲ್ಡನ್ ಸೀಡ್ ತೆಗೆದುಕೊಳ್ಳಿ. ಹೆಲ್ತ್ ತುಂಬುವ ಕೆಂಪು ಫ್ಲಾಸ್ಕ್ ಒಂದು ಗುಟುಕು ಹೆಚ್ಚುತ್ತದೆ. ಉಳಿದವುಗಳಲ್ಲಿ ಕೆಲವು ಆಮೇಲೆ ದುಡ್ಡಿಗೇ ಸಿಗುವಂಥವು.

ಆಟ ಶುರುವಾಗುವ ಗುಹೆಯಿಂದ ಹೊರಬಿದ್ದ ಕೂಡಲೇ ಲಿಮ್‌ಗ್ರೇವ್ ಬಯಲು. ಎದುರಿಗೆ ಚಿನ್ನದ ಕವಚದ ಕುದುರೆ ಸವಾರನೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಅವನ ಹೆಸರು ಟ್ರೀ ಸೆಂಟಿನೆಲ್. ಅವನನ್ನು ಅಲ್ಲಿ ನಿಲ್ಲಿಸಿರುವುದೇ ನೀವು ಸುತ್ತಿ ಬಳಸಿ ಹೋಗುವುದನ್ನು ಕಲಿಯಲಿ ಎಂದು. ಈ ಆಟದಲ್ಲಿ ಓಡಿಹೋಗುವುದು ಅವಮಾನವಲ್ಲ. ಅವನ ಕಣ್ಣು ತಪ್ಪಿಸಿ ಚರ್ಚ್ ಆಫ್ ಎಲ್ಲೆಗೆ ಹೋಗಿ, ಅಲ್ಲಿ ಕುಳಿತಿರುವ ವ್ಯಾಪಾರಿ ಕಾಲೆಯ ಬಳಿ ಮಾತಾಡಿ, ಮುಂದೆ ಗೇಟ್‌ಫ್ರಂಟ್ ಪಾಳುಗಳವರೆಗೆ ನಡೆಯಿರಿ. ದಾರಿಯಲ್ಲಿ ಸಿಗುವ ಹೊಂಬಣ್ಣದ ಬೆಳಕುಗಳೇ ಗ್ರೇಸ್. ಅಲ್ಲಿ ಕುಳಿತರೆ ಹೆಲ್ತ್ ತುಂಬುತ್ತದೆ, ಸತ್ತರೆ ಅಲ್ಲಿಂದಲೇ ಏಳುತ್ತೀರಿ. ಬಯಲಿನ ಮೂರು ಗ್ರೇಸ್ ಮುಟ್ಟಿದ ಮೇಲೆ ಮೆಲಿನಾ ಎಂಬ ಹುಡುಗಿ ಬಂದು ಒಂದು ಒಪ್ಪಂದ ಮುಂದಿಡುತ್ತಾಳೆ. ಒಪ್ಪಿ. ಅಲ್ಲಿಯವರೆಗೆ ಲೆವೆಲ್ ಏರಿಸುವ ಅವಕಾಶವೇ ಇಲ್ಲ. ಟಾರೆಂಟ್ ಎಂಬ ಕೊಂಬಿನ ಕುದುರೆಯನ್ನು ಕರೆಯುವ ಸೀಟಿಯನ್ನೂ ಅವಳೇ ಕೊಡುತ್ತಾಳೆ.

ಕುದುರೆ ಸಿಕ್ಕ ಮೇಲೆ ಎಷ್ಟೋ ಜನ ಮರೆಯುವ ಕೆಲಸವೊಂದಿದೆ. ಚರ್ಚ್ ಆಫ್ ಎಲ್ಲೆಗೆ ಇನ್ನೊಮ್ಮೆ ಹಿಂದಿರುಗಬೇಕು. ಪಾಳುಗೋಡೆಯ ಮೇಲೆ ನೀಲಿ ಮೈಯ, ದೊಡ್ಡ ಟೊಪ್ಪಿಗೆಯ ಹೆಂಗಸೊಬ್ಬಳು ಕುಳಿತಿರುತ್ತಾಳೆ, ರೆನ್ನಾ ಎಂದು ಹೆಸರು ಹೇಳುತ್ತಾಳೆ. ಅವಳು ಕೊಡುವ ಗಂಟೆಯಿಂದ ಸತ್ತವರ ಆತ್ಮಗಳನ್ನು ನೆರವಿಗೆ ಕರೆಯಬಹುದು. ಜೊತೆಗೆ ಮೂರು ತೋಳಗಳನ್ನು ಕರೆಸುವ ಲೋನ್ ವುಲ್ಫ್ ಆ್ಯಶಸ್ ಕೂಡ ಕೈಸೇರುತ್ತದೆ. ತೋಳಗಳನ್ನು ಕರೆಯಲು ಎಫ್‌ಪಿ ಎಂಬ ಶಕ್ತಿ 55 ಬೇಕು, ವ್ಯಾಗಬಾಂಡ್ ಬಳಿ ಶುರುವಿನಲ್ಲೇ 78 ಇದೆ. ಅಲ್ಲಿಗೆ ಎಫ್‌ಪಿ ಹೆಚ್ಚಿಸುವ ಮೈಂಡ್ ಎಂಬ ಸ್ಟ್ಯಾಟ್‌ಗೆ ಸದ್ಯಕ್ಕೆ ಒಂದು ಪಾಯಿಂಟೂ ಖರ್ಚು ಮಾಡಬೇಕಿಲ್ಲ.

ಫ್ಯಾಂಗ್ ಸಿಗುವುದು ಹೇಗೆ

ಬ್ಲಡ್‌ಹೌಂಡ್ಸ್ ಫ್ಯಾಂಗ್ ಆಟದ ಮೊದಲ ಪ್ರದೇಶದಲ್ಲೇ ಸಿಗುತ್ತದೆ, ಕೊನೆಯ ಪ್ರದೇಶದವರೆಗೂ ಕೈ ಹಿಡಿಯುತ್ತದೆ. ಈ ಎರಡು ಗುಣ ಒಟ್ಟಿಗಿರುವ ಆಯುಧಗಳು ಕಡಿಮೆ. ಲಿಮ್‌ಗ್ರೇವ್‌ನ ದಕ್ಷಿಣ ತುದಿಯಲ್ಲಿ ಫರ್ಲಾರ್ನ್ ಹೌಂಡ್ ಎವರ್‌ಜೇಲ್ ಎಂಬ ದುಂಡನೆಯ ಕಲ್ಲಿನ ಜಗಲಿ ಇದೆ. ನಡುವೆ ನಿಂತು ಬಟನ್ ಒತ್ತಿದರೆ ಡ್ಯಾರಿವಿಲ್ ಎಂಬ ಬ್ಲಡ್‌ಹೌಂಡ್ ನೈಟ್ ಎದುರಾಗುತ್ತಾನೆ. ನಾಯಿಯಂತೆ ಬಾಗಿ ಓಡುತ್ತಾನೆ, ಕಣ್ಣಿಗೆ ಸಿಗದಷ್ಟು ಚುರುಕು. ಹತ್ತನೆಯ ಲೆವೆಲ್‌ನ ಪಾತ್ರಕ್ಕೆ ಇವನು ಸುಲಭದ ತುತ್ತಲ್ಲ.

ಅದಕ್ಕೆ ಒಬ್ಬ ಜೊತೆಗಾರನನ್ನು ಕರೆದುಕೊಂಡು ಹೋಗಿ. ಲಿಮ್‌ಗ್ರೇವ್‌ನ ಪೂರ್ವಕ್ಕೆ ಮಿಸ್ಟ್‌ವುಡ್ ಕಾಡು, ಅದರೊಳಗೆ ಪಾಳುಕಟ್ಟಡ. ಹತ್ತಿರ ಹೋದರೆ ತೋಳ ಊಳಿಡುವುದು ಕೇಳಿಸುತ್ತದೆ. ಅದನ್ನು ಕೇಳಿದ ಮೇಲೆ ಕಾಲೆಯ ಬಳಿ ಬಂದು ಆ ಊಳಿನ ವಿಷಯ ಕೇಳಿದರೆ ಅವನು ಚಿಟಿಕೆ ಹೊಡೆಯುವ ಒಂದು ಗೆಶ್ಚರ್ ಕಲಿಸುತ್ತಾನೆ. ಮತ್ತೆ ಕಾಡಿಗೆ ಹೋಗಿ ಪಾಳಿನ ಬುಡದಲ್ಲಿ ಚಿಟಿಕೆ ಹೊಡೆಯಿರಿ. ಬ್ಲೇಡ್ ಎಂಬ ತೋಳಮೊಗದ ಯೋಧ ಮೇಲಿನಿಂದ ಧುಮುಕುತ್ತಾನೆ. ತಾನು ಡ್ಯಾರಿವಿಲ್‌ನನ್ನೇ ಹುಡುಕುತ್ತಿರುವುದಾಗಿ ಹೇಳುತ್ತಾನೆ. ಅಲ್ಲಿಂದ ಮುಂದೆ ಎವರ್‌ಜೇಲ್‌ನೊಳಗೆ ಅವನನ್ನು ಕರೆಯುವ ಹೊನ್ನಿನ ಗುರುತು ನೆಲದ ಮೇಲೆ ಕಾಣುತ್ತದೆ. ಬ್ಲೇಡ್ ಹೊಡೆಯುತ್ತಿರಲಿ, ನೀವು ಗುರಾಣಿ ಎತ್ತಿ ಹಿಂದಿರಿ, ಡ್ಯಾರಿವಿಲ್ ಬೆನ್ನು ತಿರುಗಿಸಿದಾಗ ಒಂದೆರಡು ಏಟು ಕೊಡಿ. ಗೆದ್ದರೆ ಫ್ಯಾಂಗ್ ನಿಮ್ಮ ಕೈಸೇರುತ್ತದೆ. ಆಮೇಲೆ ಹೊರಗೆ ನಿಂತಿರುವ ಬ್ಲೇಡ್ ಬಳಿ ಮಾತಾಡದೆ ಹೋಗಬೇಡಿ, ಕತ್ತಿ ಹರಿತ ಮಾಡುವ ಕಲ್ಲೊಂದನ್ನು ಕೊಡುತ್ತಾನೆ.

ಕತ್ತಿ ಎತ್ತಲು ಸ್ಟ್ರೆಂತ್ 18, ಡೆಕ್ಸ್ಟೆರಿಟಿ 17 ಬೇಕು ಎಂದು ಪರದೆ ಹೇಳುತ್ತದೆ. ಇಲ್ಲೊಂದು ಸಂದು ಇದೆ. ಎರಡೂ ಕೈಯಲ್ಲಿ ಹಿಡಿದಾಗ ಆಟ ನಿಮ್ಮ ಸ್ಟ್ರೆಂತನ್ನು ಒಂದೂವರೆ ಪಟ್ಟು ಎಂದು ಲೆಕ್ಕ ಹಾಕುತ್ತದೆ. ವ್ಯಾಗಬಾಂಡ್‌ನ 14 ಆಗ 21 ಆಯಿತು. ಹಾಗಾಗಿ ಡೆಕ್ಸ್ಟೆರಿಟಿಗೆ ನಾಲ್ಕು ಪಾಯಿಂಟ್ ಹಾಕಿದರೆ, ಅಂದರೆ ಹದಿಮೂರನೆಯ ಲೆವೆಲ್‌ನಲ್ಲೇ, ಈ ಕತ್ತಿ ನಿಮ್ಮದು. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿಯಬೇಕೆಂದಾಗ ಸ್ಟ್ರೆಂತ್‌ಗೆ ನಾಲ್ಕು ಸೇರಿಸಿದರಾಯಿತು.

ಇದರ ತೂಕ 11.5. ಶುರುವಿನಲ್ಲೇ ಪಾತ್ರದ ಜೊತೆ ಬಂದ ಹಾಲ್ಬರ್ಡ್ ಎಂಬ ಆಯುಧವನ್ನು ಬಿಚ್ಚಿಡಿ. ಹೊತ್ತ ಭಾರ ನಿಮ್ಮ ಮಿತಿಯ ಶೇ 70 ಮುಟ್ಟಿದರೆ ಪಾತ್ರ ಚಟಕ್ಕನೆ ಉರುಳುವ ಬದಲು ಧೊಪ್ಪನೆ ಬೀಳುತ್ತದೆ, ಆ ಒಂದು ಕಾರಣಕ್ಕೇ ಎಷ್ಟೋ ಮಂದಿ ಸಾಯುತ್ತಾರೆ. ಇಕ್ವಿಪ್‌ಮೆಂಟ್ ಪುಟದಲ್ಲಿ ‘ಮೀಡಿಯಂ ಲೋಡ್’ ಎಂದು ಇರುವವರೆಗೆ ನಿಶ್ಚಿಂತೆ. ‘ಹೆವಿ’ ಕಂಡರೆ ಮೊದಲು ಶಿರಸ್ತ್ರಾಣ ತೆಗೆಯಿರಿ, ಅದರಿಂದ ಹೋಗುವ ರಕ್ಷಣೆ ಅಷ್ಟಕ್ಕಷ್ಟೆ.

ಫ್ಯಾಂಗ್‌ನ ಹೆಚ್ಚುಗಾರಿಕೆ ಎರಡು. ಒಂದು, ರಕ್ತಸ್ರಾವ. ಪ್ರತಿ ಏಟಿಗೂ ಎದುರಾಳಿಯ ಮೈಯಲ್ಲಿ ಕಾಣದ ಮಾಪಕವೊಂದು ತುಂಬುತ್ತ ಹೋಗುತ್ತದೆ. ತುಂಬಿದ ಕೂಡಲೇ ಕೆಂಪು ಚಿಮ್ಮಿ ಒಟ್ಟು ಹೆಲ್ತ್‌ನ ಸುಮಾರು ಶೇ 15ರಷ್ಟು ಒಮ್ಮೆಗೇ ಕುಸಿಯುತ್ತದೆ. ಶೇಕಡಾ ಲೆಕ್ಕ ಎಂಬುದನ್ನು ಗಮನಿಸಿ: ಬಾಸ್ ದೊಡ್ಡದಾದಷ್ಟೂ ಪೆಟ್ಟೂ ದೊಡ್ಡದು. ನಿಮ್ಮ ಲೆವೆಲ್ ಕಡಿಮೆ ಇದ್ದರೂ ಕತ್ತಿ ತನ್ನ ಪಾಲಿನ ಕೆಲಸ ಮಾಡುತ್ತದೆ. ಎರಡನೆಯದು, ಹರಿತ ಮಾಡುವ ಖರ್ಚು. ಸಾಮಾನ್ಯ ಆಯುಧವನ್ನು +25ರವರೆಗೆ ಏರಿಸಬೇಕು, ಪ್ರತಿ ಹಂತಕ್ಕೂ ಹಲವು ಸ್ಮಿಥಿಂಗ್ ಸ್ಟೋನ್. ಫ್ಯಾಂಗ್ ಸೋಂಬರ್ ಜಾತಿಯದು, ಹತ್ತೇ ಹಂತ, ಹಂತಕ್ಕೆ ಒಂದೇ ಕಲ್ಲು. ಮೊದಲಿನ ಕಲ್ಲುಗಳು ದಾರಿಯಲ್ಲೇ ಸಿಗುತ್ತವೆ. ಮುಂದೆ ಲಿಯುರ್ನಿಯಾ ಪ್ರದೇಶಕ್ಕೆ ಹೋದಾಗ ದಾರಿ ಪಕ್ಕ ಕುಳಿತ ದೈತ್ಯ ಕಮ್ಮಾರ ಇಜಿ ನಾಲ್ಕನೆಯ ಹಂತದವರೆಗಿನ ಕಲ್ಲು ಮಾರುತ್ತಾನೆ. ಹೊಸ ಪ್ರದೇಶಕ್ಕೆ ಕಾಲಿಡುವ ಮುನ್ನ ರೌಂಡ್‌ಟೇಬಲ್ ಹೋಲ್ಡ್ ಎಂಬ ತಂಗುದಾಣದ ಕಮ್ಮಾರ ಹ್ಯೂಗ್‌ನ ಬಳಿ ಒಮ್ಮೆ ಹೋಗಿಬನ್ನಿ. ಏಟಿನ ಬಲ ನಿರ್ಧಾರವಾಗುವುದು ಮುಖ್ಯವಾಗಿ ಆಯುಧದ ಹಂತದಿಂದ. ಸ್ಟ್ಯಾಟ್‌ಗಳದ್ದು ಆಮೇಲಿನ ಮಾತು.

ಪಾಯಿಂಟ್ ಎಲ್ಲಿ ಹಾಕಬೇಕು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು: ವಿಗರ್. ಹೊಸಬರು ಏಟು ಜೋರಾಗಲಿ ಎಂದು ಸ್ಟ್ರೆಂತ್‌ಗೋ ಡೆಕ್ಸ್ಟೆರಿಟಿಗೋ ಪಾಯಿಂಟ್ ಸುರಿಯುತ್ತಾರೆ, ಆಮೇಲೆ ಬಾಸ್‌ನ ಎರಡೇಟಿಗೆ ಸತ್ತು ‘ಆಟ ಅನ್ಯಾಯ’ ಎನ್ನುತ್ತಾರೆ.

ಅಂಕಿಗಳೇ ಇದನ್ನು ಹೇಳುತ್ತವೆ. ವಿಗರ್ 15ರಲ್ಲಿ ಹೆಲ್ತ್ 522. 25ಕ್ಕೆ 800. 40ಕ್ಕೆ 1450. 60ಕ್ಕೆ 1900. 99ಕ್ಕೆ ಏರಿಸಿದರೂ 2100 ಅಷ್ಟೇ. 25ರಿಂದ 40ರವರೆಗೆ ಒಂದೊಂದು ಪಾಯಿಂಟಿಗೂ ಸರಾಸರಿ 43 ಹೆಲ್ತ್ ಬರುತ್ತದೆ. 40 ದಾಟಿದ ಮೇಲೆ ಅದು ಅರ್ಧಕ್ಕಿಳಿಯುತ್ತದೆ. 60ರ ನಂತರ ಪಾಯಿಂಟಿಗೆ ಐದು ಬಂದರೆ ಹೆಚ್ಚು. ಹಾಗಾಗಿ 40ರವರೆಗೆ ಕಣ್ಣುಮುಚ್ಚಿ ಏರಿಸಿ, 60ರವರೆಗೆ ನಿಧಾನವಾಗಿ ಹೋಗಿ, ಅಲ್ಲಿಗೆ ನಿಲ್ಲಿಸಿ.

ನನ್ನ ಕ್ರಮ ಹೀಗಿದೆ. ಮೊದಲು ಡೆಕ್ಸ್ಟೆರಿಟಿ 17, ಕತ್ತಿ ಎತ್ತಲು. ಆಮೇಲೆ ನೇರವಾಗಿ ವಿಗರ್ 25. ಅಲ್ಲಿಗೆ ನೀವು 23ನೆಯ ಲೆವೆಲ್. ಸ್ಟ್ರೆಂತ್ 18 ಮಾಡಿದರೆ 27. ಮಾರ್ಗಿಟ್‌ನ ಎದುರು ನಿಲ್ಲಲು ಇಷ್ಟು ಸಾಕು. ಅಲ್ಲಿಂದ ವಿಗರ್ 40ಕ್ಕೆ ಏರಿಸುವ ಹೊತ್ತಿಗೆ 42ನೆಯ ಲೆವೆಲ್, ಎಂಡ್ಯೂರೆನ್ಸನ್ನು 20ಕ್ಕೆ ತರುವ ಹೊತ್ತಿಗೆ 51. ಎಂಡ್ಯೂರೆನ್ಸ್ ಏರಿದರೆ ಓಡುವ, ಉರುಳುವ, ಬೀಸುವ ಕಸುವು ಹೆಚ್ಚುತ್ತದೆ, ಹೊರುವ ಭಾರದ ಮಿತಿಯೂ ಹೆಚ್ಚುತ್ತದೆ. ಆಮೇಲೆ ಉಳಿದದ್ದೆಲ್ಲ ಡೆಕ್ಸ್ಟೆರಿಟಿಗೆ ಹೋಗಲಿ. ಫ್ಯಾಂಗ್ ಸ್ಟ್ರೆಂತ್‌ಗಿಂತ ಅದಕ್ಕೇ ಹೆಚ್ಚು ಸ್ಪಂದಿಸುತ್ತದೆ. ಇಂಟೆಲಿಜೆನ್ಸ್, ಫೇತ್, ಆರ್ಕೇನ್ ಮೂರನ್ನೂ ಮುಟ್ಟಬೇಡಿ. ಮಂತ್ರಗಳು ಆಕರ್ಷಕವಾಗಿ ಕಾಣುತ್ತವೆ, ಎರಡು ದೋಣಿಯ ಮೇಲೆ ಕಾಲಿಟ್ಟ ಪಾತ್ರ ಮಾತ್ರ ಎಲ್ಲೂ ಸಲ್ಲುವುದಿಲ್ಲ.

ಬೇಗ ಲೆವೆಲ್ ಏರಿಸುವ ಒಂದು ಅಡ್ಡದಾರಿಯೂ ಇದೆ. ಲಿಮ್‌ಗ್ರೇವ್‌ನ ಪೂರ್ವದಲ್ಲಿರುವ ಥರ್ಡ್ ಚರ್ಚ್ ಆಫ್ ಮರಿಕಾದ ಹಿಂದೆ ಪೊದೆಗಳ ನಡುವೆ ನೀಲಿ ಹೊಳಪಿನ ಪೋರ್ಟಲ್ ಇದೆ. ಅದು ನಿಮ್ಮನ್ನು ಡ್ರ್ಯಾಗನ್‌ಬ್ಯಾರೋ ಎಂಬ ಅಪಾಯದ ಸೀಮೆಗೆ ಎಸೆಯುತ್ತದೆ. ಕುದುರೆ ಹತ್ತಿ ಯಾರ ಕೈಗೂ ಸಿಗದೆ ದಕ್ಷಿಣಕ್ಕೆ ಹೋದರೆ ಫೋರ್ಟ್ ಫ್ಯಾರಾತ್ ಬಳಿ ಗ್ರೇಯೋಲ್ ಎಂಬ ಬೆಟ್ಟದಂಥ ಮುದಿ ಡ್ರ್ಯಾಗನ್ ಮಲಗಿದೆ. ಏಳಲಾರದು. ಅದರ ಹಿಂಗಾಲಿನ ಬಳಿ ನಿಂತು ಫ್ಯಾಂಗ್‌ನಿಂದ ಹೊಡೆಯುತ್ತಿದ್ದರೆ ರಕ್ತಸ್ರಾವವೇ ಅದನ್ನು ಮುಗಿಸುತ್ತದೆ, ಲೆವೆಲ್ ಏರಿಸಲು ಖರ್ಚು ಮಾಡುವ ರೂನ್ 50 ಸಾವಿರ ಒಮ್ಮೆಗೇ ಬರುತ್ತದೆ. ಕೆಲಸ ಮಾಡುವ ಉಪಾಯ ಇದು, ಸುಳ್ಳಲ್ಲ. ನನಗೆ ಮಾತ್ರ ಹಿಡಿಸದು. ಲಿಮ್‌ಗ್ರೇವ್‌ನ ಒಂದೊಂದು ಪಾಳುಗುಡಿಯನ್ನೂ ಹೆದರುತ್ತ ಹೊಕ್ಕುವ ಸುಖ ಒಂದೇ ಏಟಿಗೆ ಹೋಗಿಬಿಡುತ್ತದೆ. ತೀರಾ ಸಿಕ್ಕಿಕೊಂಡಾಗ ಬಳಸಿ.

ಮಾರ್ಗಿಟ್‌ಗೆ ಮುನ್ನ, ಮಾರ್ಗಿಟ್‌ನ ಮುಂದೆ

ಗ್ರೇಸ್‌ಗಳಿಂದ ಹೊರಡುವ ಬೆಳಕಿನ ಎಳೆ ನೇರವಾಗಿ ಸ್ಟಾರ್ಮ್‌ವೇಲ್ ಕೋಟೆಯ ಕಡೆಗೆ ಬೆರಳು ತೋರಿಸುತ್ತದೆ. ಅದನ್ನು ನಂಬಿ ಹೊರಟವರೇ ಮಾರ್ಗಿಟ್‌ನ ಕೈಗೆ ಸಿಕ್ಕುವವರು. ನೀವು ಮೊದಲು ದಕ್ಷಿಣದ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾ ಎಂಬ ಭಾಗಕ್ಕೆ ಹೋಗಿ. ಅಲ್ಲಿನ ಶತ್ರುಗಳು ಹಗುರ. ಚರ್ಚ್ ಆಫ್ ಪಿಲ್‌ಗ್ರಿಮೇಜ್, ಕ್ಯಾಲು ಬ್ಯಾಪ್ಟಿಸ್ಮಲ್ ಚರ್ಚ್, ಫೋರ್ತ್ ಚರ್ಚ್ ಆಫ್ ಮರಿಕಾ ಎಂಬ ಮೂರು ಪಾಳು ಚರ್ಚುಗಳಲ್ಲಿ ಒಂದೊಂದು ಸೇಕ್ರೆಡ್ ಟಿಯರ್ ಸಿಗುತ್ತದೆ. ಗೋಲ್ಡನ್ ಸೀಡ್ ಫ್ಲಾಸ್ಕ್‌ನ ಗುಟುಕುಗಳ ಸಂಖ್ಯೆ ಹೆಚ್ಚಿಸಿದರೆ, ಟಿಯರ್ ಒಂದೊಂದು ಗುಟುಕಿನ ಬಲ ಹೆಚ್ಚಿಸುತ್ತದೆ. ಲಿಮ್‌ಗ್ರೇವ್‌ನ ಥರ್ಡ್ ಚರ್ಚ್‌ನಲ್ಲೂ ಒಂದಿದೆ. ಜೊತೆಗೆ ಫಿಸಿಕ್ ಎಂಬ ಇನ್ನೊಂದು ಫ್ಲಾಸ್ಕ್ ಕೂಡ ಅಲ್ಲಿಯೇ. ಗೇಟ್‌ಫ್ರಂಟ್‌ನಿಂದ ಕೋಟೆಗೆ ಏರುವ ದಾರಿಯಲ್ಲಿ ಹೊಳೆಯುವ ಪುಟ್ಟ ಸಸಿಯ ಬುಡದಲ್ಲಿ ಗೋಲ್ಡನ್ ಸೀಡ್ ಇದೆ. ಅಲ್ಲೇ ಹತ್ತಿರದ ಗುಡಿಸಲಿನಲ್ಲಿ ಕೆಂಪು ಮುಸುಕಿನ ರೊಡೆರಿಕಾ ಕುಳಿತಿರುತ್ತಾಳೆ, ಅವಳನ್ನು ಸಮಾಧಾನವಾಗಿ ಮಾತಾಡಿಸಿದರೆ ಜೆಲ್ಲಿಫಿಶ್ ಆತ್ಮವನ್ನು ಕೊಡುತ್ತಾಳೆ. ಅದಕ್ಕೆ ತೋಳಗಳಿಗಿಂತ ಕಡಿಮೆ ಎಫ್‌ಪಿ ಸಾಕು, ತಾಳಿಕೆಯೂ ಹೆಚ್ಚು.

ಇನ್ನು ಮಾರ್ಗಿಟ್. ಮಂಜಿನ ಬಾಗಿಲು ದಾಟುವ ಮುಂಚೆ ರೋಜಿಯರ್ ಎಂಬ ಮಾಂತ್ರಿಕನ ಹೊನ್ನಿನ ಗುರುತು ನೆಲದಲ್ಲಿ ಕಾಣುತ್ತದೆ, ಕರೆದುಕೊಳ್ಳಿ. ಒಳಗೆ ಹೋದವರೇ ನಿಮ್ಮ ಆತ್ಮವನ್ನೂ ಕರೆಯಿರಿ. ಈಗ ಮಾರ್ಗಿಟ್‌ನ ಗಮನ ಮೂರು ದಿಕ್ಕಿಗೆ ಹಂಚಿಹೋಯಿತು.

ಅವನ ಆಟವೆಲ್ಲ ತಡಮಾಡುವುದರಲ್ಲಿದೆ. ಕೋಲನ್ನು ತಲೆಯ ಮೇಲೆ ಎತ್ತುತ್ತಾನೆ. ನಿಮ್ಮ ಬೆರಳು ರೋಲ್ ಬಟನ್ ಮೇಲಿರುತ್ತದೆ. ಕೋಲು ಇಳಿಯುವುದಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ, ಬಾಲ ಮಾತ್ರ ಸಣ್ಣಗೆ ಹೊರಳುತ್ತದೆ. ತಡೆಯಲಾರದೆ ನೀವು ಉರುಳುತ್ತೀರಿ. ಉರುಳಿ ಮೊಣಕಾಲೂರಿ ಏಳುವ ಆ ಅರೆಕ್ಷಣಕ್ಕೇ ಕಾದಿದ್ದವನಂತೆ ಕೋಲು ಇಳಿಯುತ್ತದೆ. ಹೆದರಿ ಹಿಂದಕ್ಕೆ ಸರಿದು ಫ್ಲಾಸ್ಕ್ ಎತ್ತಿದರೆ ಹೊಂಬೆಳಕಿನ ಚೂರಿಯೊಂದು ತೂರಿಬರುತ್ತದೆ. ಅವನ ಕೈ ಎದ್ದಾಗ ಉರುಳಿದವರು ಸಾಯುತ್ತಾರೆ, ಕೈ ಇಳಿಯತೊಡಗಿದಾಗ ಉರುಳಿದವರು ಉಳಿಯುತ್ತಾರೆ. ಅದೂ ಹಿಂದಕ್ಕಲ್ಲ, ಅವನ ಕಂಕುಳಿನ ಕಡೆಗೆ, ಮುಂದಕ್ಕೆ. ಹಿಂದಕ್ಕೆ ಸರಿದಷ್ಟೂ ಉದ್ದನೆಯ ಕೋಲಿನ ತುದಿಗೆ ಸಿಗುತ್ತೀರಿ.

ಇದು ಒಗ್ಗುವವರೆಗೆ ಗುರಾಣಿ ಎತ್ತಿಕೊಂಡೇ ಇರಿ. ಏಟು ಗುರಾಣಿಗೆ ತಾಗಿದ ಮರುಗಳಿಗೆಯಲ್ಲಿ ಹೆವಿ ಅಟ್ಯಾಕ್ ಒತ್ತಿದರೆ ಗಾರ್ಡ್ ಕೌಂಟರ್ ಎಂಬ ಬಲವಾದ ಮರುಏಟು ಹೊರಡುತ್ತದೆ. ಅದನ್ನು, ಹಾರಿ ಹೊಡೆಯುವ ಏಟನ್ನು ಬಿಡದೆ ಬಳಸುತ್ತಿದ್ದರೆ ಎದುರಾಳಿಯ ನಿಲುವು ಮುರಿದು ಮಂಡಿಯೂರುತ್ತಾನೆ, ಆಗ ಅವನ ಮುಂದೆ ಹೋಗಿ ಲೈಟ್ ಅಟ್ಯಾಕ್ ಒತ್ತಿದರೆ ಭಾರಿ ಇರಿತ. ಫ್ಯಾಂಗ್‌ಗೆ ಸ್ವಂತದ ಒಂದು ಪಟ್ಟೂ ಇದೆ. ಸ್ಕಿಲ್ ಬಟನ್ ಒತ್ತಿದರೆ ಪಾತ್ರ ಕೆಳಗಿನಿಂದ ಮೇಲಕ್ಕೆ ಸೀಳಿ ಅದೇ ರಭಸದಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಹೊಡೆಯುವುದೂ ತಪ್ಪಿಸಿಕೊಳ್ಳುವುದೂ ಒಂದೇ ಬಟನ್‌ನಲ್ಲಿ. ಎಫ್‌ಪಿ ಮಿಗಿಸಿಕೊಂಡು, ಬಾಸ್ ಏಟುಗಳ ಸರಣಿ ಮುಗಿಸಿ ಉಸಿರು ಬಿಡುವಾಗ ಬಳಸಿ.

ಹೊಸಬರ ಇನ್ನೊಂದು ಚಾಳಿ ದುರಾಸೆ. ಎರಡು ಏಟು ಸಿಕ್ಕಿತು, ಮೂರನೆಯದೂ ಸಿಗಬಹುದು ಎಂದು ಕೈ ಚಾಚುತ್ತಾರೆ. ಎರಡಕ್ಕೆ ಬಿಡಿ. ರಕ್ತಸ್ರಾವದ ಮಾಪಕ ಅಷ್ಟು ಬೇಗ ಇಳಿಯುವುದಿಲ್ಲ, ನೀವು ದೂರ ಹೋಗಿ ಗುಟುಕು ಕುಡಿದು ಬರುವವರೆಗೆ ಕಾಯುತ್ತದೆ.

ಮಾರ್ಗಿಟ್ ಸತ್ತರೆ ಟಾಲಿಸ್ಮನ್ ಪೌಚ್ ಬೀಳುತ್ತದೆ, ಅಂದರೆ ಇನ್ನೊಂದು ತಾಯಿತ ತೊಡಬಹುದು. ಕೋಟೆಯೊಳಗೆ ಹಾರಿ ಹೊಡೆಯುವ ಏಟಿಗೆ ಬಲ ಕೊಡುವ ಕ್ಲಾ ಟಾಲಿಸ್ಮನ್ ಸಿಗುತ್ತದೆ. ಕಸುವು ಬೇಗ ತುಂಬುವ ಗ್ರೀನ್ ಟರ್ಟಲ್ ಟಾಲಿಸ್ಮನ್ ಸಮ್ಮನ್‌ವಾಟರ್ ವಿಲೇಜ್‌ನ ನೆಲಮಾಳಿಗೆಯಲ್ಲಿದೆ, ಒಂದು ಸ್ಟೋನ್‌ಸ್ವೋರ್ಡ್ ಕೀ ಖರ್ಚಾದರೂ ಬಿಡಬೇಡಿ.

ನಿಮ್ಮಂಥ ಇನ್ನೊಬ್ಬ

ಆಟದ ನಡುಭಾಗದಲ್ಲಿ ರಡಾನ್ ಎಂಬ ಬಾಸ್ ಬರುತ್ತಾನೆ. ಅಲ್ಲಿ ನೆರವಿಗೆ ಕರೆಯುವ ಗುರುತುಗಳು ರಣರಂಗದ ತುಂಬ ಹರಡಿರುತ್ತವೆ; ಸತ್ತವರನ್ನು ಮತ್ತೆ ಮತ್ತೆ ಕರೆಯಬಹುದು. ನೀವು ಕುದುರೆಯ ಮೇಲೆ ದೂರದಲ್ಲಿ ಸುತ್ತುತ್ತ ಗುರುತುಗಳನ್ನು ಮುಟ್ಟುತ್ತ ಹೋದರೂ ಅರ್ಧ ಯುದ್ಧ ಮುಗಿಯುತ್ತದೆ. ಅವನು ಸತ್ತ ಮೇಲೆ ಆಕಾಶದಿಂದ ಬಿದ್ದ ನಕ್ಷತ್ರ ಮಿಸ್ಟ್‌ವುಡ್ ಬಳಿ ನೆಲ ಬಗಿದು ನೊಕ್ರಾನ್ ಎಂಬ ಪಾತಾಳನಗರಕ್ಕೆ ದಾರಿ ತೆರೆಯುತ್ತದೆ.

ಈ ಬಿಲ್ಡ್‌ಗೆ ಕಿರೀಟವಿಡುವ ವಸ್ತು ಅಲ್ಲಿದೆ. ಮೊದಲು ನಿಮ್ಮದೇ ರೂಪ, ನಿಮ್ಮದೇ ಆಯುಧ ತಾಳಿದ ಬಾಸ್ ಒಂದು ಎದುರಾಗುತ್ತದೆ. ಮಂಜಿನ ಬಾಗಿಲು ದಾಟುವ ಮುಂಚೆ ಕತ್ತಿ, ಗುರಾಣಿ, ಕವಚ ಎಲ್ಲವನ್ನೂ ಕಳಚಿ ಒಳಗೆ ಹೋಗಿ. ಅದು ಬರಿಗೈಯಲ್ಲಿ, ಬರಿಮೈಯಲ್ಲಿ ಎದ್ದು ನಿಂತ ಮೇಲೆ ನೀವು ನಿಮ್ಮ ಸಾಮಾನು ತೊಟ್ಟುಕೊಳ್ಳಿ. ಇದು ಮೋಸವೇ ಎಂದು ಕೇಳುವವರಿದ್ದಾರೆ. ಬಾಸ್‌ಗಳು ಮಾಡುವುದಕ್ಕಿಂತ ಹೆಚ್ಚಿನದೇನಲ್ಲ. ಮುಂದೆ ನೈಟ್ಸ್ ಸೇಕ್ರೆಡ್ ಗ್ರೌಂಡ್‌ನಲ್ಲಿ ಒಂದು ಸ್ಟೋನ್‌ಸ್ವೋರ್ಡ್ ಕೀ ಕೊಟ್ಟು ತೆರೆಯುವ ಮಂಜಿನ ಬಾಗಿಲ ಹಿಂದೆ ಮಿಮಿಕ್ ಟಿಯರ್ ಎಂಬ ಆತ್ಮ ಇದೆ. ಕರೆದಾಗಲೆಲ್ಲ ಥೇಟ್ ನಿಮ್ಮಂತೆಯೇ ಇರುವ ಇನ್ನೊಬ್ಬ ಪಕ್ಕದಲ್ಲಿ ನಿಲ್ಲುತ್ತಾನೆ, ಅವನ ಕೈಯಲ್ಲೂ ಫ್ಯಾಂಗ್. ಇಬ್ಬರೂ ಒಂದೇ ಬಾಸ್‌ಗೆ ಹೊಡೆದರೆ ರಕ್ತಸ್ರಾವದ ಮಾಪಕ ಎರಡರಷ್ಟು ವೇಗದಲ್ಲಿ ತುಂಬುತ್ತದೆ.

ಕರೆಯಲು ಎಫ್‌ಪಿ ಬೇಡ, ಬದಲಿಗೆ ನಿಮ್ಮ ಹೆಲ್ತ್‌ನಿಂದ 660 ಕಳೆಯುತ್ತದೆ. ಮೇಲೆ ವಿಗರ್ ವಿಗರ್ ಎಂದು ಪಟ್ಟು ಹಿಡಿದದ್ದಕ್ಕೆ ಇದೂ ಒಂದು ಕಾರಣ. ಹೆಲ್ತ್ 522 ಇರುವವನಿಗೆ ಮಿಮಿಕ್ ಟಿಯರ್ ಇದ್ದೂ ಇಲ್ಲದಂತೆ. 1450 ಇರುವವನು ಕರೆದು, ಒಂದೆರಡು ಗುಟುಕು ಕುಡಿದು, ಕಾಳಗಕ್ಕೆ ಇಳಿಯುತ್ತಾನೆ. ರೌಂಡ್‌ಟೇಬಲ್‌ಗೆ ಬಂದು ನೆಲೆಸುವ ರೊಡೆರಿಕಾ ಗ್ಲವ್‌ವರ್ಟ್ ಎಂಬ ಹೂಗಳನ್ನು ತೆಗೆದುಕೊಂಡು ಆತ್ಮಗಳನ್ನು +10ರವರೆಗೆ ಬಲಪಡಿಸುತ್ತಾಳೆ. ಸಮಾಧಿ ಗುಹೆಗಳಲ್ಲಿ ಕಂಡ ಹೂವನ್ನೆಲ್ಲ ಕೀಳುತ್ತ ಹೋಗಿ.

ಕತ್ತಿ ನಡೆಯದ ಕಡೆ

ಎಲ್ಲ ಕಡೆಯೂ ನೆತ್ತರು ಹರಿಯುವುದಿಲ್ಲ. ಅಸ್ಥಿಪಂಜರಗಳಿಗೆ, ಕ್ರಿಸ್ಟಲಿಯನ್ ಎಂಬ ಸ್ಫಟಿಕದ ಮನುಷ್ಯರಿಗೆ ರಕ್ತವೇ ಇಲ್ಲ. ಅವರಿಗಾಗಿ ಗದೆಯಂಥ ಜಜ್ಜುವ ಆಯುಧವೊಂದನ್ನು ಚೀಲದಲ್ಲಿ ಇಟ್ಟುಕೊಂಡಿರಿ. ಕಟ್ಟಕಡೆಯ ಬಾಸ್ ಎಲ್ಡೆನ್ ಬೀಸ್ಟ್‌ಗೂ ರಕ್ತಸ್ರಾವ ತಾಗದು. ಅಲ್ಲಿ ಉಳಿಸುವುದು ಹೆಲ್ತ್, +10 ಆದ ಕತ್ತಿಯ ಬರೀ ಏಟು, ಹೋಲಿ ಪೆಟ್ಟನ್ನು ತಗ್ಗಿಸುವ ಹ್ಯಾಲಿಗ್‌ಡ್ರೇಕ್ ಟಾಲಿಸ್ಮನ್. ಬೇಕೆಂದರೆ ಮಾತ್ರ ಎದುರಿಸಬಹುದಾದ ಮಲೇನಿಯಾಗೆ ರಕ್ತಸ್ರಾವ ಚೆನ್ನಾಗಿಯೇ ತಾಗುತ್ತದೆ, ಆದರೆ ಅವಳ ಏಟು ನಿಮ್ಮ ಗುರಾಣಿಗೆ ಬಿದ್ದರೂ ಸಾಕು, ಅವಳ ಹೆಲ್ತ್ ಏರುತ್ತದೆ. ಅವಳೆದುರು ಗುರಾಣಿಯ ಚಟ ಬಿಡಬೇಕು. ಆಟ ಮುಗಿಸಲು ಅವಳನ್ನು ಗೆಲ್ಲಲೇಬೇಕೆಂದಿಲ್ಲ, ಆ ಹಟ ಇಲ್ಲದವರು ಬಿಟ್ಟು ಮುಂದೆ ಹೋಗಬಹುದು.

ಉರುಳುವುದೇ ಒಗ್ಗದವರು ಕೆಲವರಿದ್ದಾರೆ. ಬೆರಳು ಸಮಯಕ್ಕೆ ಸ್ಪಂದಿಸದು, ವಯಸ್ಸಿನ ಕಾರಣವೋ ಕೈ ನೋವೋ ಏನಾದರೂ ಇರಬಹುದು. ಅವರು ಆಟದ ನಡುವಿನಲ್ಲಿ ಬೇರೆ ದಾರಿ ಹಿಡಿಯಬಹುದು: ಗ್ರೇಟ್‌ಶೀಲ್ಡ್ ಮತ್ತು ಈಟಿ. ಈಟಿ, ಚುಚ್ಚುಗತ್ತಿಗಳ ವಿಶೇಷವೆಂದರೆ ಗುರಾಣಿ ಇಳಿಸದೆಯೇ ಅದರ ಮರೆಯಿಂದ ಚುಚ್ಚಬಹುದು. ಲೇಂಡೆಲ್ ರಾಜಧಾನಿಯ ಕೆಳಗಿನ ಚರಂಡಿಗಳ ಜಾಲದಲ್ಲಿ ಸಿಗುವ ಫಿಂಗರ್‌ಪ್ರಿಂಟ್ ಸ್ಟೋನ್ ಶೀಲ್ಡ್ ಇದಕ್ಕೆ ಹೇಳಿಮಾಡಿಸಿದ್ದು. ಅದಕ್ಕೆ ಸ್ಟ್ರೆಂತ್ 48 ಬೇಕು, ತೂಕ 29, ಅಂದರೆ ಎಂಡ್ಯೂರೆನ್ಸನ್ನೂ ಧಾರಾಳವಾಗಿ ಏರಿಸಬೇಕು. ಹಾಕಿದ ಪಾಯಿಂಟುಗಳನ್ನು ವಾಪಸು ಪಡೆಯುವ ದಾರಿ ಇದೆ: ರಾಯ ಲುಕಾರಿಯಾ ಅಕಾಡೆಮಿಯ ರಾಣಿ ರೆನ್ನಾಲಾಳನ್ನು ಗೆದ್ದ ಮೇಲೆ, ಒಂದು ಲಾರ್ವಲ್ ಟಿಯರ್ ಕೊಟ್ಟರೆ ಅವಳು ನಿಮ್ಮ ಎಲ್ಲ ಸ್ಟ್ಯಾಟ್‌ಗಳನ್ನು ಹೊಸದಾಗಿ ಹಂಚಲು ಬಿಡುತ್ತಾಳೆ. ಲಾರ್ವಲ್ ಟಿಯರ್ ಎಣಿಕೆಯಷ್ಟೇ ಇರುವುದರಿಂದ ಬೇಜಾರಾದಾಗಲೆಲ್ಲ ಬದಲಾಯಿಸುವ ಆಟ ಬೇಡ.

2024ರ ಜೂನ್ 21ರಂದು ಬಂದ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಮುಂದಿನ ಭಾಗಕ್ಕೆ ಹೋಗಲು ರಡಾನ್ ಮತ್ತು ಮೋಗ್ ಎಂಬ ಇನ್ನೊಬ್ಬ ಬಾಸ್ ಇಬ್ಬರನ್ನೂ ಮುಗಿಸಿರಬೇಕು. ಅಲ್ಲಿ ಕಾಲಿಟ್ಟ ಕೂಡಲೇ 150ನೆಯ ಲೆವೆಲ್‌ನವರೂ ಸಾಮಾನ್ಯ ಸೈನಿಕರ ಕೈಲಿ ಸಾಯತೊಡಗುತ್ತಾರೆ. ಆ ಸೀಮೆಯಲ್ಲಿ ಲೆವೆಲ್‌ಗಿಂತ ಸ್ಕ್ಯಾಡುಟ್ರೀ ಫ್ರ್ಯಾಗ್‌ಮೆಂಟ್ ಎಂಬ ಚೂರುಗಳದ್ದೇ ದರ್ಬಾರು. ಅವು ನಿಮ್ಮ ಏಟನ್ನೂ ತಾಳಿಕೆಯನ್ನೂ ಒಟ್ಟಿಗೆ ಏರಿಸುತ್ತವೆ, 20 ಹಂತದವರೆಗೆ. ಮಿಮಿಕ್ ಟಿಯರ್‌ಗೆ ಬಲ ಕೊಡುವ ರಿವಿಯರ್ಡ್ ಸ್ಪಿರಿಟ್ ಆ್ಯಶ್ ಬೇರೆಯೇ ಇದೆ. ಬಾಸ್ ಕಂಡರೆ ಕೂಡಲೇ ನುಗ್ಗದೆ ಮೊದಲು ಕುದುರೆ ಹತ್ತಿ ಸುತ್ತಾಡಿ ಈ ಎರಡನ್ನು ಹುಡುಕಿ, ಗ್ರೇಸ್‌ನಲ್ಲಿ ಕುಳಿತು ಖರ್ಚು ಮಾಡಿ, ಆಮೇಲೆ ಬಾಗಿಲು ತಟ್ಟಿ.